ಸವಾಲು ಯಾರದು, ಜವಾಬು ಯಾರದು?

'ಸವಾಲು' ಅರಬ್ಬಿ ಮೂಲದ ಮಾತು. ಅಲ್ಲಿ ಅದರ ಅರ್ಥ ಪ್ರಶ್ನೆ ಎಂದಷ್ಟೆ. ಫಾರಸಿ, ಉರ್ದು, ಮರಾಠಿಗಳ ಜೊತೆ ಓಡಾಡಿ ಕನ್ನಡಕ್ಕೆ ಬಂದ ಮೇಲೆ ಅದು 'ಪಂಥಾಹ್ವಾನ' ಎಂಬ ಅರ್ಥವನ್ನು ತೊಟ್ಟುಕೊಂಡಿತು. ಹಳೆಯ ಅರ್ಥ ನ್ಯಾಯಾಲಯದ ಪಾಟೀಸವಾಲಿನಲ್ಲಿ ಹೇಗೋ ಉಳಿದುಕೊಂಡಿದೆ. ಜೋಡಿಯಾಗಿ ಬಂದ 'ಜವಾಬು' ಮಾತ್ರ ಉತ್ತರವಾಗಿಯೇ ಉಳಿಯಿತು. ಉತ್ತರ ಕೊಡಬೇಕಾದವನ ಹೊಣೆಯನ್ನು ನಾವು 'ಜವಾಬ್ದಾರಿ' ಎಂದು ಕರೆದೆವು. ನಮ್ಮ ಸಭೆಗಳಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದವನನ್ನು ಸವಾಲು ಹಾಕಲು ಬಂದವನೆಂದೇ ವೇದಿಕೆಯವರು ನೋಡುವುದನ್ನು ಕಂಡಾಗ, ಈ ಅರ್ಥಪಲ್ಲಟ ಆಕಸ್ಮಿಕವಲ್ಲವೇನೋ ಎನಿಸುತ್ತದೆ. ಇದು ತಮಾಷೆಗೆ ಹೇಳಿದ ಮಾತು. ಪದಚರಿತ್ರೆಯಿಂದ ಸಮಾಜಶಾಸ್ತ್ರ ಹೊರಡಿಸುವುದು ಸರಿಯಲ್ಲ ಎಂಬುದು ನಮಗೂ ಗೊತ್ತು.

ಆದರೆ ವಿಷಯ ತಮಾಷೆಯದಲ್ಲ. ವಿಶ್ವವಿದ್ಯಾನಿಲಯಗಳಲ್ಲಿ ನಡೆಯುವ ಸಂಶೋಧನೆ ಜನರಿಗೆ ತಲುಪಬೇಕು ಎಂದು ಎಲ್ಲರೂ ಹೇಳುತ್ತಾರೆ. ಕುಲಪತಿಗಳ ಭಾಷಣಗಳಲ್ಲಿ ಈ ವಾಕ್ಯ ಇಲ್ಲದಿದ್ದರೆ ಏನೋ ಕೊರತೆ. ತಲುಪಿಸುವುದು ಎಂದರೆ ಕಠಿಣವಾದುದನ್ನು ಸರಳ ಭಾಷೆಯಲ್ಲಿ ಹೇಳುವುದು ಎಂಬುದು ಅವರ ತಿಳಿವಳಿಕೆ. ಬೆಂಗಳೂರಿನ ಹಳೆಯ ಬಡಾವಣೆಗಳಾದ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ಕಳೆದ ನೂರು ವರ್ಷಗಳಲ್ಲಿ ನಡೆದ ಪ್ರಯತ್ನಗಳನ್ನು ಒಮ್ಮೆ ತಿರುಗಿ ನೋಡಿದರೆ ನಮಗೆ ಕಾಣುವುದು ಬೇರೆ. ಭಾಷೆಯ ಸರಳತೆ ದೊಡ್ಡ ತೊಡಕೇ ಆಗಿರಲಿಲ್ಲ. ಅದನ್ನು ಸಾಧಿಸಿದ ವಿದ್ವಾಂಸರು ನಮ್ಮಲ್ಲಿ ಬೇಕಾದಷ್ಟು ಇದ್ದರು. ತೊಡಕಿದ್ದದ್ದು ಯಾರ ಪ್ರಶ್ನೆಯನ್ನು ಪ್ರಶ್ನೆ ಎಂದು ಒಪ್ಪಿಕೊಳ್ಳುವುದು ಎಂಬಲ್ಲಿ.

1918ರಲ್ಲಿ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರತಂದರು. ಎರಡು ವರ್ಷ ನಡೆದು ನಿಂತಿತು. ಆಗ ಪಾರಿಭಾಷಿಕ ಪದಗಳೇ ಇರಲಿಲ್ಲ, ಎಲ್ಲವನ್ನೂ ಹೊಸದಾಗಿ ಟಂಕಿಸಬೇಕಿತ್ತು. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಹಿಂದೆ ಇದ್ದವರಲ್ಲಿಯೂ ಇದೇ ವೆಂಕಟನಾರಣಪ್ಪನವರು ಒಬ್ಬರು. ಭೌತಶಾಸ್ತ್ರವನ್ನೂ ಕುಮಾರವ್ಯಾಸನನ್ನೂ ಒಂದೇ ಮೇಜಿನ ಮೇಲಿಟ್ಟುಕೊಂಡಿದ್ದ ಆ ತಲೆಮಾರನ್ನು ನೆನೆದರೆ ಗೌರವವುಂಟಾಗುತ್ತದೆ. ಬಳಿಕ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಬಂದವು. ಚಿಕ್ಕ ಚಿಕ್ಕ ಪುಸ್ತಕಗಳು, ಅಗ್ಗದ ಬೆಲೆ. ಅಧ್ಯಾಪಕರು ಊರೂರಿಗೆ ಹೋಗಿ ಮಾತಾಡಿದರು. ಇವೆಲ್ಲ ಮೇಲಿನಿಂದ ಕೆಳಕ್ಕೆ ಹರಿದ ನೀರು. ಹರಿದದ್ದು ಒಳ್ಳೆಯದೇ ಆಯಿತು. ಆದರೆ ಕೆಳಗಿದ್ದವನಿಗೆ ಬಾಯಾರಿಕೆ ಯಾವುದರದು ಎಂದು ಕೇಳುವ ಏರ್ಪಾಡು ಅದರಲ್ಲಿರಲಿಲ್ಲ.

ಕೇಳುವ ಏರ್ಪಾಡು ಮಾಡಿದವರು ಪ್ರೊ. ಜಿ. ವೆಂಕಟಸುಬ್ಬಯ್ಯನವರು. 1913ರಲ್ಲಿ ಹುಟ್ಟಿ 2021ರ ಏಪ್ರಿಲ್ 19ರಂದು ತಮ್ಮ 107ನೆಯ ವಯಸ್ಸಿನಲ್ಲಿ ತೀರಿಕೊಂಡ ಜೀವಿಯವರು ಪರಿಷತ್ತಿನ ಕನ್ನಡ-ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದವರು. ಎಂಟು ಸಂಪುಟಗಳ ಆ ನಿಘಂಟು ಕನ್ನಡದ ಅತಿ ದೊಡ್ಡ ಸಂಶೋಧನಾ ಯೋಜನೆಗಳಲ್ಲಿ ಒಂದು. ಶಾಸನ, ಕಾವ್ಯ, ಗದ್ಯಗಳನ್ನು ಸೋಸಿ, ಪದವೊಂದು ಎಲ್ಲೆಲ್ಲಿ ಯಾವ ಯಾವ ಅರ್ಥದಲ್ಲಿ ಬಂದಿದೆ ಎಂದು ಚೀಟಿಗಳಲ್ಲಿ ಬರೆದು, ಆ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ ದಶಕಗಟ್ಟಲೆ ಮಾಡಿದ ಕೆಲಸ. ಸಾಮಾನ್ಯ ಓದುಗ ಅದನ್ನು ಗ್ರಂಥಾಲಯದಲ್ಲಿ ದೂರದಿಂದ ನೋಡಿ ನಮಸ್ಕರಿಸಿ ಮುಂದೆ ಹೋಗುತ್ತಿದ್ದ. ಹಾಗಿದ್ದಾಗ 1991ರಲ್ಲಿ 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಎಂಬ ಅಂಕಣ ಆರಂಭವಾಯಿತು. ಓದುಗರು ಕಾಗದ ಬರೆದು ಕೇಳುವುದು, ಜೀವಿಯವರು ಉತ್ತರಿಸುವುದು. ಈ ಪದ ಎಲ್ಲಿಂದ ಬಂತು, ಈ ಎರಡು ರೂಪಗಳಲ್ಲಿ ಯಾವುದು ಸರಿ, ಈ ಗಾದೆಗೆ ಏನರ್ಥ – ಹೀಗೆ.

ನಮ್ಮ ದೃಷ್ಟಿಯಲ್ಲಿ ಸಂಶೋಧನೆಯನ್ನು ಜನರ ಬಳಿಗೆ ತಂದ ಕನ್ನಡದ ಪ್ರಯತ್ನಗಳಲ್ಲಿ ಇದರಷ್ಟು ಯಶಸ್ವಿಯಾದುದು ಇನ್ನೊಂದಿಲ್ಲ. ಕಾರಣ, ವಿಷಯವನ್ನು ಆರಿಸುವ ಅಧಿಕಾರ ಇಲ್ಲಿ ವಿದ್ವಾಂಸರ ಕೈಯಲ್ಲಿರಲಿಲ್ಲ. ಅಂಚೆಯಲ್ಲಿ ಏನು ಬರುತ್ತದೋ ಅದಕ್ಕೆ ಉತ್ತರ ಹುಡುಕಬೇಕು. ಶಾಲಾ ಮಾಸ್ತರರ ಪ್ರಶ್ನೆಯೂ ಗುಮಾಸ್ತೆಯ ಪ್ರಶ್ನೆಯೂ ಒಂದೇ ಅಂಕಣದಲ್ಲಿ ಒಂದರ ಕೆಳಗೊಂದು ಅಚ್ಚಾಗುತ್ತಿದ್ದವು. ಉತ್ತರದ ಹಿಂದೆ ನಿಘಂಟಿನ ಚೀಟಿಗಳ ಬಲವಿತ್ತು, ಆದರೆ ಚೀಟಿಗಳ ಸದ್ದು ಕೇಳಿಸುತ್ತಿರಲಿಲ್ಲ.

ಕೊರತೆ ಇರಲಿಲ್ಲವೆಂದಲ್ಲ. ಅಂಕಣ ಬೆಳೆದಂತೆ 'ಯಾವುದು ಶುದ್ಧ' ಎಂಬ ಪ್ರಶ್ನೆಗೆ ಅತಿಯಾದ ಜಾಗ ಸಿಕ್ಕಿತೆಂದು ನಮಗನ್ನಿಸುತ್ತದೆ. ಓದುಗ ತನ್ನ ಆಡುಮಾತಿನ ಬಗೆಗೆ ನಾಚಿಕೊಂಡು ಪ್ರಮಾಣಪತ್ರ ಕೇಳುವ ಧಾಟಿ ಅದು. ಇದಕ್ಕೆ ಜೀವಿಯವರನ್ನು ದೂರಲಾಗದು. ಎರವಲು ಪದಗಳಿಗೇ ಪ್ರತ್ಯೇಕವಾದೊಂದು ಕೋಶವನ್ನು ಸಿದ್ಧಪಡಿಸಿದ ವಿದ್ವಾಂಸರು ಅವರು. ಅರ್ಜಿ, ರಸೀದಿ, ತಾರೀಖು, ವಕೀಲ, ಖರ್ಚು, ಬಾಕಿ, ಹಾಜರಿ, ಕಾನೂನು ಇವುಗಳಿಲ್ಲದೆ ಒಂದು ದಿನದ ವ್ಯವಹಾರ ನಡೆಸಲಾಗದ ಕನ್ನಡಿಗನಿಗೆ ಅವು ಎಲ್ಲಿಂದ ಬಂದವೆಂದು ತಿಳಿಯುವುದು ಬರಿಯ ಭಾಷಾಜ್ಞಾನವಲ್ಲ. ಕಾನೂನು ಅರಬ್ಬಿಗೆ ಗ್ರೀಕಿನಿಂದ ಬಂದದ್ದು ಎಂದು ತಿಳಿದರಂತೂ 'ಹೊರಗಿನದು' ಎಂಬ ಮಾತನ್ನು ಎಲ್ಲಿ ನಿಲ್ಲಿಸಬೇಕೆಂಬುದೇ ತೋಚದು.

ಅದೇ ಮಾತನ್ನು ತರಕಾರಿ ಬುಟ್ಟಿಯೊಳಗಿಂದ ಹೇಳಿದವರು ಬಿ.ಜಿ.ಎಲ್. ಸ್ವಾಮಿ. ಡಿ.ವಿ. ಗುಂಡಪ್ಪನವರ ಮಗ, ಬಸವನಗುಡಿಯ ಮನೆತನ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಇದ್ದವರು. ಆರ್ಕಿಡ್ ಗಿಡಗಳ ಭ್ರೂಣಶಾಸ್ತ್ರದಲ್ಲಿ, ಸಸ್ಯಗಳ ಒಳರಚನೆಯಲ್ಲಿ ಅಂತರರಾಷ್ಟ್ರೀಯ ಮಟ್ಟದ ಕೆಲಸ ಮಾಡಿದವರು. 'ಹಸುರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನೇ ಎಲ್ಲರೂ ಹೊಗಳುತ್ತಾರೆ. ನಮ್ಮ ಆಯ್ಕೆ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ'. ಶೀರ್ಷಿಕೆಯಲ್ಲೇ ನಗು ಇದೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ, ಗೋಡಂಬಿ, ಸೀಬೆ, ಪರಂಗಿ, ಅನಾನಸು – ಇವೆಲ್ಲ ಅಮೆರಿಕ ಖಂಡಗಳಿಂದ ಸಮುದ್ರ ದಾಟಿ ಬಂದವು, ಬಂದು ಐನೂರು ವರ್ಷವೂ ಸರಿಯಾಗಿ ಆಗಿಲ್ಲ.

ಇದರ ಪರಿಣಾಮ ಎಷ್ಟು ಆಳಕ್ಕಿಳಿಯುತ್ತದೆ ನೋಡಿ. ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ನಡೆಯುತ್ತದೆ. ಇಡೀ ಬೆಂಗಳೂರಿನ ಮಟ್ಟಿಗೆ ಇದಕ್ಕಿಂತ 'ನಮ್ಮದು' ಎನ್ನಬಹುದಾದ ಹಬ್ಬವಿಲ್ಲ. ರಾಶಿ ರಾಶಿ ಬೀಳುವ ಆ ಕಾಯಿಯ ತವರು ದಕ್ಷಿಣ ಅಮೆರಿಕ. ಸೀತೆಯ ಹೆಸರು ಹೊತ್ತ ಸೀತಾಫಲವೂ ರಾಮನ ಹೆಸರು ಹೊತ್ತ ರಾಮಫಲವೂ ಅಲ್ಲಿಯವೇ. ಪರಂಗಿ ಹಣ್ಣು ಮಾತ್ರ ತಾನು ಫರಂಗಿ ಎಂಬುದನ್ನು ಹೆಸರಿನಲ್ಲೇ ಒಪ್ಪಿಕೊಂಡಿದೆ. ಮಂಗಳೂರಿನವರು ಬಟಾಟೆ ಎಂದು ಪೋರ್ಚುಗೀಸರನ್ನು ನೆನೆಯುತ್ತಾರೆ. ಬೆಂಗಳೂರಿನವರು ಆಲೂಗಡ್ಡೆ ಎಂದು ಫಾರಸಿಯ 'ಆಲೂ'ಗೆ ಕನ್ನಡದ ಗಡ್ಡೆಯನ್ನು ಕಟ್ಟುತ್ತಾರೆ. ಸಂಪ್ರದಾಯಸ್ಥ ಮನೆಗಳ ಶ್ರಾದ್ಧದ ಅಡುಗೆಗೆ ಮಾತ್ರ ಇವಕ್ಕೆ ಇನ್ನೂ ಪ್ರವೇಶವಿಲ್ಲ. ಅಲ್ಲಿ ಖಾರಕ್ಕೆ ಕಾಳುಮೆಣಸೇ ಆಗಬೇಕು. ಅಡುಗೆಮನೆ ಒಂದು ಚರಿತ್ರೆಯನ್ನು ಕಾಪಾಡಿಕೊಂಡಿದೆ, ಕಾರಣವನ್ನು ಮರೆತಿದೆ. ಪಕ್ಕದ ಚಾಮರಾಜಪೇಟೆಯ ಬಿರಿಯಾನಿಗೂ ಇದೇ ಪರೀಕ್ಷೆಯೊಡ್ಡಿದರೆ ಅಕ್ಕಿ, ಮಾಂಸ, ಏಲಕ್ಕಿಗಳು ಉಳಿದು ಹಸಿಮೆಣಸಿನಕಾಯಿಯೂ ಟೊಮೇಟೊವೂ ಹಡಗು ಹತ್ತಬೇಕಾಗುತ್ತದೆ. ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಜಗಳ ನಡೆಯುವ ನಾಡಿನಲ್ಲಿ ಇದು ಒಳ್ಳೆಯ ಔಷಧಿ. ಸ್ವಾಮಿಯವರು ಇದನ್ನು ಉಪದೇಶವಾಗಿ ಹೇಳಲು ಹೋಗುವವರಲ್ಲ. ಗಿಡದ ಕಥೆ ಹೇಳಿ ಸುಮ್ಮನಾಗುತ್ತಾರೆ.

ಆದರೂ ಒಂದು ಮಾತು. ಸ್ವಾಮಿಯವರ ಪುಸ್ತಕದ ಪ್ರಶ್ನೆ ಊಟದ ತಟ್ಟೆಯದು, ಅಡುಗೆ ಮಾಡುವವಳದಲ್ಲ. ಬೇಳೆ ಬೇಗ ಬೇಯದಿರುವುದು ನೀರಿನಿಂದಲೋ ಬೇಳೆಯಿಂದಲೋ, ಕರಿದ ಎಣ್ಣೆಯನ್ನು ಎಷ್ಟು ಸಲ ಕಾಯಿಸಬಹುದು, ಕೊಳವೆಬಾವಿಯ ನೀರಿಗೆ ಪಾತ್ರೆಯಲ್ಲಿ ಬಿಳಿ ಕಟ್ಟುವುದೇಕೆ – ಇವು ಅವಳ ಪ್ರಶ್ನೆಗಳು. ಇವಕ್ಕೆ ರಸಾಯನಶಾಸ್ತ್ರ ವಿಭಾಗಗಳಲ್ಲಿ ಉತ್ತರವಿದೆ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವಿನ ಜೊತೆ ಸೇರಿ ಅದನ್ನು ಗಟ್ಟಿ ಮಾಡುತ್ತದೆ. ಅಜ್ಜಿಯರು ಚಿಟಿಕೆ ಸೋಡಾ ಹಾಕುತ್ತಿದ್ದುದು ಅದಕ್ಕೇ. ಈ ಎರಡು ವಾಕ್ಯಗಳು ಪ್ರಯೋಗಾಲಯದಿಂದ ಒಲೆಯವರೆಗೆ ಬರಲು ಎಷ್ಟು ದೂರ ನಡೆಯಬೇಕಾಗಿತ್ತು?

ಇನ್ನು ಎಚ್.ಎನ್. ಡಾ. ಎಚ್. ನರಸಿಂಹಯ್ಯನವರ ಹೆಸರಿಲ್ಲದೆ ಬಸವನಗುಡಿಯ ಕಥೆ ಮುಗಿಯದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಿಂದ ಓದಲೆಂದು ಬೆಂಗಳೂರಿಗೆ ನಡೆದೇ ಬಂದ ಹುಡುಗ, 1942ರ ಚಳವಳಿಯಲ್ಲಿ ಜೈಲು ಕಂಡು, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ತಿರುಗಿ ಬಂದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಕೋಣೆಯಲ್ಲಿ ಖಾದಿ ತೊಟ್ಟು ಒಂಟಿಯಾಗಿ ಬಾಳಿದರು. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ವಾರಕ್ಕೊಂದು ಉಪನ್ಯಾಸ, ಜುಲೈ ತಿಂಗಳಲ್ಲಿ ವಿಜ್ಞಾನ ಉತ್ಸವ ಎಂದು ದಶಕಗಳ ಕಾಲ ನಡೆಯಿತು. ದೇಶದ ದೊಡ್ಡ ವಿಜ್ಞಾನಿಗಳನ್ನು ಟಿಕೆಟ್ಟಿಲ್ಲದೆ ಕೇಳುವ ಅವಕಾಶ ಒಬ್ಬ ಗುಮಾಸ್ತನಿಗೆ, ಒಬ್ಬ ಕಾಲೇಜು ಹುಡುಗನಿಗೆ ಬೆಂಗಳೂರಿನಲ್ಲಿ ಸಿಕ್ಕಿದ್ದರೆ ಅದು ಎಚ್.ಎನ್. ಅವರಿಂದ.

ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿದರು. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ಕುಲಪತಿಯೊಬ್ಬರು ಕುರ್ಚಿಯಲ್ಲಿ ಕುಳಿತೇ ಇಂಥ ಕೆಲಸಕ್ಕೆ ಕೈ ಹಾಕಿದ್ದು ಅಂದು ಮಾತ್ರವಲ್ಲ, ಇಂದಿಗೂ ಅಪರೂಪ. ಅವರ ಧೈರ್ಯಕ್ಕೆ ನಮ್ಮ ಪೂರ್ಣ ಗೌರವವಿದೆ. ಆದರೆ ವಿಮರ್ಶೆ ಬರೆಯಲು ಕುಳಿತ ಮೇಲೆ ಇದನ್ನೂ ಹೇಳಬೇಕು: ಆ ಪ್ರಕರಣದಲ್ಲಿ ಜನ ಪ್ರೇಕ್ಷಕರಾದರು. ಕುಸ್ತಿ ನೋಡಿದಂತೆ ನೋಡಿದರು, ತಮ್ಮ ತಮ್ಮ ಪೈಲ್ವಾನನ ಪರ ಚಪ್ಪಾಳೆ ತಟ್ಟಿದರು. ಪ್ರಶ್ನೆ ವಿಶ್ವವಿದ್ಯಾನಿಲಯದ್ದಾಗಿತ್ತು. ಪುಟ್ಟಪರ್ತಿಗೆ ಹೋಗುವ ತಾಯಿಯ ಪ್ರಶ್ನೆ ಬೂದಿ ಎಲ್ಲಿಂದ ಉದುರಿತು ಎಂಬುದಲ್ಲ, ಮಗನ ಕಾಯಿಲೆ ವಾಸಿಯಾಗುತ್ತದೆಯೇ ಎಂಬುದು.

ಈ ವ್ಯತ್ಯಾಸ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಕಲಬುರಗಿ ಸಾಕ್ಷಿ. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣವಾಯಿತು. ಮಂಗಳೂರು, ಕಾಸರಗೋಡು, ಕೊಡಗಿನ ಕಡೆ ಉಂಗುರ ಕಂಡಿತು. ಶಾಲಾಮಕ್ಕಳು ಕನ್ನಡಕ ಹಾಕಿಕೊಂಡು ನೋಡಿದರು. ಅದೇ ಬೆಳಗ್ಗೆ ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು. ಗ್ರಹಣ ಕಾಲದಲ್ಲಿ ಹೀಗೆ ಮಾಡಿದರೆ ವೈಕಲ್ಯ ಹೋಗುತ್ತದೆಂಬ ನಂಬಿಕೆ. ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ಬಂದವು. ಎಲ್ಲರೂ ಆ ತಂದೆತಾಯಿಗಳ ಅಜ್ಞಾನಕ್ಕೆ ಮರುಗಿದರು. ಆ ಊರಿನ ಪಕ್ಕದಲ್ಲೇ ಒಂದು ವಿಶ್ವವಿದ್ಯಾನಿಲಯವಿದೆ, ವೈದ್ಯಕೀಯ ಕಾಲೇಜುಗಳಿವೆ. 'ನನ್ನ ಮಗು ಏಕೆ ನಡೆಯುವುದಿಲ್ಲ' ಎಂಬುದು ಒಂದು ಪ್ರಶ್ನೆ, ಅದಕ್ಕೆ ವಿದ್ಯಾವಂತರು ಉತ್ತರಿಸಬೇಕಿತ್ತು ಎಂದು ಬರೆದವರು ಬಹಳ ಕಡಿಮೆ. ಗ್ರಹಣದ ಭೌತಶಾಸ್ತ್ರವನ್ನು ಎಷ್ಟು ಸರಳವಾಗಿ ಹೇಳಿದ್ದರೂ ಆ ಮನೆಯ ಪ್ರಶ್ನೆಗೆ ಅದು ಉತ್ತರವಾಗುತ್ತಿರಲಿಲ್ಲ.

ವಿದ್ಯಾವಂತರು ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ. ಬೆಳಗಿನ ಹೊತ್ತು ಕನ್ನಡದ ಟೀವಿ ವಾಹಿನಿಗಳಲ್ಲಿ ಜ್ಯೋತಿಷಿಗಳು ಕುಳಿತು ಫೋನಿನಲ್ಲಿ ಬಂದ ಪ್ರಶ್ನೆಗಳಿಗೆ ಉತ್ತರಿಸುವ ಪದ್ಧತಿ ಹಬ್ಬಿದ್ದು ಹೀಗೆಯೇ. ಮದುವೆ, ಸಾಲ, ಸಂತಾನ, ಹೊಟ್ಟೆನೋವು – ಎಲ್ಲವೂ ದಿನನಿತ್ಯದ ಪ್ರಶ್ನೆಗಳೇ. ಕೇಳುವವರನ್ನು ಹೆಸರು ಹಿಡಿದು ಕರೆಯುತ್ತಾರೆ, ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾರೆ. ಉತ್ತರ ಸುಳ್ಳು, ಕೇಳಿಸಿಕೊಳ್ಳುವ ರೀತಿ ಮಾತ್ರ ಯಾವ ಪ್ರಾಧ್ಯಾಪಕರಿಗೂ ಪಾಠವಾಗಬಲ್ಲದು. ನಮ್ಮ ಗಲ್ಲಿಗಳ ತಾಯಿತದ ಅಂಗಡಿಗಳೂ ಇದಕ್ಕೆ ಹೊರತಲ್ಲ. ಮುಸ್ಲಿಂ ಸಮಾಜದ ಜಲ್ಸಾಗಳಲ್ಲಿ ಎರಡು ಗಂಟೆ ಭಾಷಣ, ಬಳಿಕ ದುವಾ; ಪ್ರಶ್ನೋತ್ತರಕ್ಕೆ ಹೊತ್ತೆಲ್ಲಿದೆ? ಸೈನ್ಸ್ ಉಪನ್ಯಾಸಗಳ ಕೊನೆಯ ಐದು ನಿಮಿಷದ ಪ್ರಶ್ನೋತ್ತರವನ್ನು ಟೀಕಿಸುವ ಮುನ್ನ ನಾವು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಭಾಷೆಯ ಗೋಡೆಯೂ ಇದೆ. ಮಲ್ಲೇಶ್ವರದಲ್ಲಿ ಮನೆ ಮಾಡಿದ್ದ ಸರ್ ಸಿ.ವಿ. ರಾಮನ್ ಸಮುದ್ರದ ನೀಲಿ ಬಣ್ಣದಂಥ ಪ್ರಶ್ನೆಯಿಂದ ಹೊರಟು ನೊಬೆಲ್ ಬಹುಮಾನದವರೆಗೆ ಹೋದವರು. ಮೃದಂಗ, ತಬಲಗಳ ನಾದವನ್ನೂ ಭೌತಶಾಸ್ತ್ರದ ವಿಷಯವೆಂದು ಅಭ್ಯಾಸ ಮಾಡಿದವರು. ಆದರೆ ಅದೆಲ್ಲ ಇಂಗ್ಲಿಷಿನಲ್ಲಿ. ಚಾಮರಾಜಪೇಟೆಯ ಮುಸ್ಲಿಂ ಮನೆಗಳಲ್ಲಿ ಆಡುವುದು ದಖ್ಖನಿ. ಅಲ್ಲಿನ ಹುಡುಗನಿಗೆ ಪರಿಷತ್ತಿನ ಕಟ್ಟಡ ನಡೆದು ಹೋಗುವಷ್ಟು ಹತ್ತಿರ. ಅದರೊಳಗೆ ನಡೆಯುವುದು ತನ್ನ ಸವಾಲು-ಜವಾಬುಗಳ ಕೋಶವೂ ಹೌದು ಎಂದು ಅವನಿಗೆ ಯಾರೂ ಹೇಳಿಲ್ಲ.

ಅವನ ಮನೆಯ ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. 2024ರಲ್ಲಿ ಮಂಗಳೂರು, ಉಡುಪಿಗಳಲ್ಲಿ ಈದುಲ್ ಫಿತ್ರ್ ಏಪ್ರಿಲ್ 10ರಂದು, ಬೆಂಗಳೂರಿನಲ್ಲಿ 11ರಂದು. ಒಂದೇ ರಾಜ್ಯ, ಒಂದೇ ಚಂದ್ರ, ಎರಡು ಹಬ್ಬ ಏಕೆ? ಇದು ಆಗಾಗ ಮರುಕಳಿಸುವ ಪ್ರಶ್ನೆ, ಪ್ರತಿ ಸಲವೂ ಜಗಳದಲ್ಲಿ ಮುಗಿಯುತ್ತದೆ.

ಖಗೋಳಶಾಸ್ತ್ರ ಹೇಳುವುದಿಷ್ಟು. ಆ ವರ್ಷ ಅಮಾವಾಸ್ಯೆಯ ನಿಖರ ಕ್ಷಣ ಏಪ್ರಿಲ್ 8ರ ರಾತ್ರಿ ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ. ಅದೇ ಹೊತ್ತಿನಲ್ಲಿ ಉತ್ತರ ಅಮೆರಿಕದಲ್ಲಿ ಪೂರ್ಣ ಸೂರ್ಯಗ್ರಹಣವಾದದ್ದೇ ಅದಕ್ಕೆ ಸಾಕ್ಷಿ. 9ರ ಸಂಜೆ ಸೂರ್ಯ ಮುಳುಗುವಾಗ ಚಂದ್ರನ ವಯಸ್ಸು ಹದಿನೆಂಟೂವರೆ ಗಂಟೆ ಮೀರಿತ್ತು: ಕಾಣಬಹುದಾದ, ಆದರೆ ಸುಲಭವಾಗಿ ಕಾಣದ ಗೆರೆ. ಮಂಗಳೂರಿನಲ್ಲಿ ಸೂರ್ಯ ಬೆಂಗಳೂರಿಗಿಂತ ಸುಮಾರು ಹನ್ನೊಂದು ನಿಮಿಷ ತಡವಾಗಿ ಮುಳುಗುತ್ತಾನೆ. ಚಂದ್ರ ಸೂರ್ಯನಿಂದ ಗಂಟೆಗೆ ಅರ್ಧ ಡಿಗ್ರಿಯಷ್ಟು ಸರಿಯುತ್ತಾನೆ. ಹನ್ನೊಂದು ನಿಮಿಷಕ್ಕೆ ಡಿಗ್ರಿಯ ಹತ್ತನೆಯ ಒಂದು ಭಾಗ. ಇಷ್ಟರಿಂದ ಒಂದು ದಿನದ ವ್ಯತ್ಯಾಸವಾಗುವುದಿಲ್ಲ. ಅಂದರೆ ಕಾರಣ ಚಂದ್ರನಲ್ಲಿಲ್ಲ. ಕಡಲ ದಿಗಂತ ತೆರೆದಿರುತ್ತದೆ; ಬೆಂಗಳೂರಿನ ದಿಗಂತದಲ್ಲಿ ಕಟ್ಟಡ, ಧೂಳು, ಮೋಡ. ಕೇರಳದ ಕಡಲತೀರದಲ್ಲಿ ಕಂಡವರ ಸಾಕ್ಷ್ಯವನ್ನು ಕರಾವಳಿಯ ಖಾಜಿಗಳು ಒಪ್ಪಿದರು. ಬೆಂಗಳೂರಿನ ಚಂದ್ರದರ್ಶನ ಸಮಿತಿಯ ತೀರ್ಮಾನ ಬೇರೆಯಾಯಿತು. ಯಾವ ಊರಿನ ಸಾಕ್ಷ್ಯ ಯಾವ ಊರಿಗೆ ಸಲ್ಲುತ್ತದೆ ಎಂಬುದು ಶರೀಅತ್ತಿನ ವಿಷಯ, ಅದನ್ನು ನಿರ್ಧರಿಸಬೇಕಾದವರು ಉಲಮಾಗಳು. ಚಂದ್ರ ಕಾಣುವ ಸಾಧ್ಯತೆ ಇತ್ತೇ ಇಲ್ಲವೇ ಎಂಬುದು ಖಗೋಳಶಾಸ್ತ್ರದ ವಿಷಯ. ಎರಡನ್ನೂ ಬೇರೆ ಮಾಡಿ ಹೇಳುವವರಿದ್ದರೆ ಜಗಳ ಅರ್ಧಕ್ಕರ್ಧ ಇಳಿಯುತ್ತಿತ್ತು. ಇಲ್ಲಿ ವಿಜ್ಞಾನ ನಂಬಿಕೆಯ ಎದುರಿಗೆ ನಿಲ್ಲಬೇಕಾಗಿಲ್ಲ, ಪಕ್ಕದಲ್ಲಿ ಕುಳಿತರೆ ಸಾಕು.

ಇದು ಮುಸ್ಲಿಮರ ಪ್ರಶ್ನೆ ಮಾತ್ರವೂ ಅಲ್ಲ. ಚಾಂದ್ರಮಾನ ವರ್ಷ 354 ದಿನಗಳದು, ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಪಂಚಾಂಗದವರು ಎರಡು-ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸಿ ಅದನ್ನು ಸರಿದೂಗಿಸುತ್ತಾರೆ. ಹಿಜರಿಯಲ್ಲಿ ಸೇರಿಸುವುದಿಲ್ಲ, ಹಾಗಾಗಿ ರಮಝಾನ್ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಎರಡೂ ಲೆಕ್ಕಗಳು ಅದೇ ಅಮಾವಾಸ್ಯೆಯ ಮೇಲೆ ನಿಂತಿರುವುದರಿಂದ ಕೆಲವು ವರ್ಷ ಹಬ್ಬಗಳು ಮೈಗೆ ಮೈ ತಾಗಿಸಿಕೊಂಡು ಬರುತ್ತವೆ. 2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ, ಈದ್ 31ರ ಸೋಮವಾರ. ಯುಗಾದಿಯ ಸಂಜೆಯೋ ಮರುದಿನವೋ ಚಂದ್ರನನ್ನು ನೋಡುವುದು ಬಸವನಗುಡಿಯ ಮನೆಗಳಲ್ಲಿ ಹಳೆಯ ರೂಢಿ. ಆ ಭಾನುವಾರ ಚಾಮರಾಜಪೇಟೆಯ ಮಹಡಿಗಳ ಮೇಲೂ ಜನ ಅದೇ ಚಂದ್ರನಿಗಾಗಿ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದರು.

1989ರಲ್ಲಿ ನೆಹರೂ ತಾರಾಲಯ ಆರಂಭವಾದ ಊರು ಇದು. ಭಾರತೀಯ ಖಭೌತ ಸಂಸ್ಥೆಯೂ ಇಲ್ಲಿಯೇ ಇದೆ. ಇಂಥ ಸಂಜೆಗೆ ದೂರದರ್ಶಕವೂ ಬೇಡ, ಭಾಷಣವೂ ಬೇಡ. ಈ ತಿಂಗಳು ಚಂದ್ರ ಸೂರ್ಯ ಮುಳುಗಿದ ಜಾಗದಿಂದ ಎಷ್ಟು ಬೆರಳು ಮೇಲಿರುತ್ತಾನೆ, ಎಡಕ್ಕೋ ಬಲಕ್ಕೋ, ಎಷ್ಟು ನಿಮಿಷ ನೋಡಲು ಸಮಯವಿದೆ ಎಂದು ಅರ್ಧ ಪುಟದಲ್ಲಿ ಕನ್ನಡ ಮತ್ತು ಉರ್ದುವಿನಲ್ಲಿ ಅಚ್ಚು ಹಾಕಿ ದೇವಸ್ಥಾನದ ಬೀದಿಗೂ ಮಸೀದಿಯ ಬೀದಿಗೂ ಹಂಚಿದರೆ ಸಾಕು. ಹಾಳೆಯ ಹಿಂಬದಿಯನ್ನು ಖಾಲಿ ಬಿಟ್ಟು, ಓದುಗರು ತಮ್ಮ ಪ್ರಶ್ನೆ ಬರೆದು ಕಳಿಸಲು ಒಂದು ವಿಳಾಸವನ್ನೂ ಕೊಡಬೇಕು.